ಇದು ಯಾವ ಊರಿನ ಎಚ್‌ಪಿ ಸ್ವಾಮಿ?

ಇವತ್ತು ಬೆಳಿಗ್ಗೆ ಮಂಡ್ಯದಲ್ಲಿ ಒಂದು ಕೃಷಿ ಯಂತ್ರಗಳ ಅಂಗಡಿಗೆ ಹೋಗಿದ್ದೆ. ಹೆಸರು ಬೇಡ ಬಿಡಿ. ಪಕ್ಕದಲ್ಲಿ ಯಜಮಾನರೊಬ್ಬರು ಮರ ಕೊಯ್ಯುವ ಮೆಷಿನ್, ಅಂದರೆ ಚೈನ್‌ಸಾ ನೋಡುತ್ತಿದ್ದರು. ಟೇಬಲ್ ಮೇಲೆ ಎರಡು ಮೆಷಿನ್. ಹಿಡಿ, ಸ್ಟಾರ್ಟರ್ ಕವರ್, ಸ್ಕ್ರೂ ಕೂರುವ ಗುಂಡಿ ಸಮೇತ ಎರಡೂ ಒಂದೇ ಅಚ್ಚು. ಬಣ್ಣ, ಸ್ಟಿಕ್ಕರ್ ಮಾತ್ರ ಬೇರೆ. ಎರಡರ ಮೇಲೂ 58 ಸಿಸಿ, ಅಂದರೆ ಸಿಲಿಂಡರಿನ ಅಳತೆ. ಆದರೆ ಒಂದು 3 ಎಚ್‌ಪಿ (ಕುದುರೆ ಶಕ್ತಿ), ಇನ್ನೊಂದು 4.5 ಎಚ್‌ಪಿ. "ಯಾಕಪ್ಪ ಹಂಗೆ?" ಅಂತ ಯಜಮಾನರು ಕೇಳಿದರು. "ಇದ್ರಲ್ಲಿ ಪವರ್ ಜಾಸ್ತಿ ಯಜಮಾನ್ರೆ" ಅಂದ ಅಂಗಡಿಯವನು.

ಆಹಾ. ಪವರ್ ಯಾಕೆ ಜಾಸ್ತಿ ಅಂದರೆ ಪವರ್ ಜಾಸ್ತಿ ಇರೋದರಿಂದ.

ನನ್ನ ಬಾಯಿ ಸುಮ್ನಿರಲ್ಲ, ನಿಮಗೆ ಗೊತ್ತು. "ಎಷ್ಟು ಆರ್‌ಪಿಎಂನಲ್ಲಿ 4.5?" ಅಂತ ಕೇಳಿದೆ, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುವಾಗ ಅಂತ. "ಫುಲ್ ಆರ್‌ಪಿಎಂ ಸಾರ್" ಅಂದ. ಅಲ್ಲಿಂದ ಶುರುವಾದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಈ ಬರಹ.

ಒಂದೇ ಸಿಸಿ ಇದ್ದು ಪವರ್ ಬೇರೆ ಇರಬಾರದು ಅಂತ ನಾನು ಹೇಳುತ್ತಿಲ್ಲ. ಖಂಡಿತ ಇರಬಹುದು. ಜರ್ಮನಿಯ ಸ್ಟಿಲ್ ಕಂಪನಿಯ ಎಂಎಸ್ 271, ಎಂಎಸ್ 261 ಎರಡೂ 50.2 ಸಿಸಿ. ಮೊದಲನೆಯದು 2.6 ಕಿಲೋವ್ಯಾಟ್, ಎರಡನೆಯದು 3.0. ಹಸ್ಕ್‌ವಾರ್ನಾದ 545, 550 ಎಕ್ಸ್‌ಪಿ ಎರಡೂ 50.1 ಸಿಸಿ, ಅಲ್ಲೂ ಪವರ್ ಬೇರೆ. ಒಂದು ರೈತರಿಗೆ ಅಂತ ಮಾಡಿದ್ದು, ಇನ್ನೊಂದು ದಿನವಿಡೀ ಮರ ಕಡಿಯುವವರಿಗೆ. ಸಿಲಿಂಡರಿನ ಪೋರ್ಟು (ಗಾಳಿ, ಹೊಗೆ ಓಡಾಡುವ ಕಿಂಡಿ), ಕಾರ್ಬ್ಯುರೇಟರ್, ಸೈಲೆನ್ಸರ್ ಬೇರೆ ಮಾಡಿದರೆ ಇಂಜಿನ್ ಜಾಸ್ತಿ ಸುತ್ತು ಸುತ್ತುತ್ತದೆ. ಎಳೆತ ಅಷ್ಟೇ ಇದ್ದು ಸುತ್ತು ಹೆಚ್ಚಾದರೆ ಪವರ್ ಹೆಚ್ಚು. ಇದರಲ್ಲಿ ಮೋಸ ಇಲ್ಲ.

ಸಣ್ಣ ಮೆಷಿನ್‌ಗಳನ್ನೇ ನೋಡಿ. ಸ್ಟಿಲ್‌ನದೇ ಎಂಎಸ್ 170, ಎಂಎಸ್ 180 ಅಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳು, ಒಳಗೆ ಮಾತ್ರ ಬೇರೆ. ಒಂದರ ಬೋರ್ (ಸಿಲಿಂಡರಿನ ಒಳ ಅಗಲ) 37 ಮಿಲಿಮೀಟರ್, ಇನ್ನೊಂದರದು 38. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಎರಡಕ್ಕೂ 28. ಆ ಒಂದೇ ಒಂದು ಮಿಲಿಮೀಟರಿನಿಂದ 30.1 ಸಿಸಿ ಇದ್ದದ್ದು 31.8 ಆಗುತ್ತದೆ. ಬೇಕಿದ್ದರೆ ನೀವೇ ಲೆಕ್ಕ ಹಾಕಿ. ಬೋರನ್ನು ಸೆಂಟಿಮೀಟರಿನಲ್ಲಿ ಬರೆದು ಅದರಿಂದಲೇ ಗುಣಿಸಿ, 0.785ರಿಂದ ಗುಣಿಸಿ, ಆಮೇಲೆ ಸೆಂಟಿಮೀಟರಿನಲ್ಲೇ ಬರೆದ ಸ್ಟ್ರೋಕಿನಿಂದ ಗುಣಿಸಿ. ಸಿಸಿ ಹೊರಬರುತ್ತದೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ.

ಇನ್ನೊಂದು ತಮಾಷೆ. ಅದೇ ಎಂಎಸ್ 170ಗೆ ಯುರೋಪಿನ ಪುಸ್ತಕದಲ್ಲಿ 1.2 ಕಿಲೋವ್ಯಾಟ್, ಅಮೆರಿಕದ ಪುಸ್ತಕದಲ್ಲಿ 1.3. ಎಂಎಸ್ 261ಗೆ ಯುರೋಪಿನಲ್ಲಿ 4.1 ಕುದುರೆ, ಅಮೆರಿಕದಲ್ಲಿ 4.0. ಈ ಎರಡನೆಯದರಲ್ಲಿ ವ್ಯತ್ಯಾಸ ಮೆಷಿನ್‌ದಲ್ಲ, ಕುದುರೆಯದು. ಯುರೋಪಿನ ಕುದುರೆ 735.5 ವ್ಯಾಟ್, ಅಮೆರಿಕದವರು ಬಳಸುವ ಇಂಗ್ಲಿಷರ ಕುದುರೆ 745.7 ವ್ಯಾಟ್. ಇದರ ಜೊತೆಗೆ ಹೊಗೆಯ ಕಾನೂನು ಒಂದೊಂದು ದೇಶಕ್ಕೆ ಒಂದೊಂದು. ಅದಕ್ಕೆ ತಕ್ಕಂತೆ ಕಾರ್ಬ್ಯುರೇಟರ್ ಬಿಗಿ ಮಾಡಿದರೆ, ಸೈಲೆನ್ಸರಿಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತುರುಕಿದರೆ ಅಂಕಿ ಏರುಪೇರಾಗುತ್ತದೆ.

ಈ ಮೆಷಿನ್‌ಗಳಲ್ಲಿರುವಂಥ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಸೈಲೆನ್ಸರ್ ಏನು ಮಾಡುತ್ತದೆ ಅಂತ ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಜ್ಡಿ ಬೈಕ್ ಇದ್ದ ಮನೆಯವರಿಗೆಲ್ಲ ಗೊತ್ತು. ಒಳಗೆ ಕಾರ್ಬನ್ ಕಟ್ಟಿಕೊಂಡರೆ ಗಾಡಿ ಚಾಮುಂಡಿ ಬೆಟ್ಟ ಹತ್ತಲು ಏದುಸಿರು ಬಿಡುತ್ತಿತ್ತು. ಸುಟ್ಟು ಕೆರೆದು ತೆಗೆದರೆ ಅದೇ ಗಾಡಿ ಬೇರೆ ಗಾಡಿ. ಎಜ್ಡಿ ಮಾಡುತ್ತಿದ್ದ ಯಾದವಗಿರಿಯ ಆ ಫ್ಯಾಕ್ಟರಿಗೆ ಬೀಗ ಬಿದ್ದಾಗ ನಮ್ಮಪ್ಪ ಊಟ ಬಿಟ್ಟು ಕೂತಿದ್ದರು. ಟೂ ಸ್ಟ್ರೋಕ್ ಹೊಗೆಯ ವಾಸನೆ ಬಂದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಹೊಗೆಯಿಂದಲ್ಲ. ಇರಲಿ.

ನನ್ನ ತಕರಾರು ಇಷ್ಟೇ. ಕಾರಣ ಇದ್ದರೆ ಕಾರಣ ಬರೆಯಿರಿ. ಚೈನ್‌ಸಾ ಇಂಜಿನ್ ಪವರ್ ಅಳೆಯಲು ಐಎಸ್‌ಒ 7293 ಅಂತ ಒಂದು ಅಂತರರಾಷ್ಟ್ರೀಯ ವಿಧಾನವೇ ಇದೆ. ಒಳ್ಳೆಯ ಕಂಪನಿಯ ಕೈಪಿಡಿ ತೆಗೆದರೆ ಇಷ್ಟು ಕಿಲೋವ್ಯಾಟ್, ಇಷ್ಟು ಆರ್‌ಪಿಎಂನಲ್ಲಿ, ಈ ಐಎಸ್‌ಒ ಪ್ರಕಾರ ಅಂತ ಒಂದೇ ಸಾಲಿನಲ್ಲಿ ಇರುತ್ತದೆ. ಇವತ್ತಿನ ಆ ಡಬ್ಬವನ್ನು ತಿರುಗಿಸಿ, ಮಗುಚಿ, ತಳ ಕೂಡ ನೋಡಿದೆ. ದಪ್ಪ ಕೆಂಪು ಅಕ್ಷರದಲ್ಲಿ 4.5 ಎಚ್‌ಪಿ. ಅಷ್ಟೇ. 58 ಸಿಸಿಯಲ್ಲಿ 4.5 ಎಚ್‌ಪಿ ಅಂದರೆ ಪ್ರತಿ ಸಿಸಿಗೆ ಸುಮಾರು 58 ವ್ಯಾಟ್. ಎಂಎಸ್ 271 ಕೊಡುವುದು 52ರ ಹತ್ತಿರ. ದುಬಾರಿ 261ರದ್ದೇ 60ರ ಹತ್ತಿರ. ಜರ್ಮನ್ನರು ಅಷ್ಟು ಬೆವರು ಸುರಿಸಿ ಮಾಡಿದ್ದನ್ನು ಇವರು ಸ್ಟಿಕ್ಕರಿನಲ್ಲೇ ಮುಗಿಸಿದ್ದಾರೆ. ಶಭಾಷ್.

ಕರೆಂಟಿನ ಚೈನ್‌ಸಾಗಳದ್ದು ಇನ್ನೊಂದು ರಾಮಾಯಣ. ಅದರ ಮೇಲೆ ಬರೆದ ವ್ಯಾಟು ಸಾಮಾನ್ಯವಾಗಿ ಮೆಷಿನ್ ಎಳೆದುಕೊಳ್ಳುವ ಕರೆಂಟಿನ ಲೆಕ್ಕ, ಚೈನಿಗೆ ಸಿಗುವ ಪವರ್ ಅಲ್ಲ. ಅದನ್ನು ಪೆಟ್ರೋಲ್ ಮೆಷಿನ್ ಪಕ್ಕ ಇಟ್ಟು "ಎರಡೂ ಒಂದೇ ಸಾರ್" ಅನ್ನುವವರು ಬೇಕಾದಷ್ಟು ಜನ ಇದ್ದಾರೆ.

ರೈತರಿಗೆ ಇದೆಲ್ಲ ಅರ್ಥ ಆಗಲ್ಲ ಅಂತ ಮಾತ್ರ ಹೇಳಬೇಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟ್ ಇರುವ ರಾಜ್ಯ ನಮ್ಮದು. 5 ಎಚ್‌ಪಿ ಮೋಟರ್ ಅಂದರೆ 3.7 ಕಿಲೋವ್ಯಾಟ್ ಅಂತ ಮಂಡ್ಯದಲ್ಲಿ ಮೋಟರ್ ಕಟ್ಟುವ ಹುಡುಗ ನಿದ್ದೆಯಲ್ಲೂ ಹೇಳುತ್ತಾನೆ. ಮೋಟರಿನ ತಗಡಿನ ಮೇಲೆ ಕಿಲೋವ್ಯಾಟ್, ಎಚ್‌ಪಿ, ಆರ್‌ಪಿಎಂ ಎಲ್ಲ ಕೆತ್ತಿರುತ್ತಾರೆ. ಮರ ಕೊಯ್ಯುವ ಮೆಷಿನ್ನಿಗೆ ಬರೆಯಲು ಏನು ರೋಗ?

"ಎಚ್‌ಪಿ ಬಿಡಿ ಸಾರ್, ಚೈನ್ ಹರಿತ ಇದ್ದರೆ ಸಾಕು" ಅಂತ ಒಬ್ಬರಾದರೂ ಬರೆಯುತ್ತೀರಿ, ಗೊತ್ತು. ನಿಜ, ಮೊಂಡು ಚೈನ್ ಹಾಕಿದರೆ ಎಂಥ ಇಂಜಿನ್ನೂ ಪುಡಿ ಉದುರಿಸುತ್ತದೆ, ಅಷ್ಟೇ. ಆದರೆ ಎಚ್‌ಪಿ ಲೆಕ್ಕಕ್ಕೇ ಇಲ್ಲದ್ದಾದರೆ ಅದನ್ನೇ ದಪ್ಪಗೆ ಬರೆದು, ಅದರ ಹೆಸರಲ್ಲಿ ದುಡ್ಡು ಜಾಸ್ತಿ ಕೀಳುವುದು ಯಾಕೆ? ಆ ಅಂಕಿ ನಂಬಿ 22 ಇಂಚಿನ ಬಾರ್ (ಚೈನ್ ಸುತ್ತುವ ಪಟ್ಟಿ) ಹಾಕಿಸಿಕೊಂಡು ಹಳೇ ತೆಂಗಿನ ಮರಕ್ಕೆ ಇಡುತ್ತಾರೆ. ತೆಂಗಿನ ಕಾಂಡ ಸಿಪ್ಪೆ ಕಡೆಯೇ ಗಟ್ಟಿ, ಬರೀ ನಾರು. ಪವರ್ ಸಾಲದಿದ್ದರೆ ಚೈನ್ ನಿಲ್ಲುತ್ತದೆ, ಕ್ಲಚ್ ಜಾರುತ್ತದೆ, ಸುಡುತ್ತದೆ. ಆಮೇಲೆ "ನೀವು ಆಯಿಲ್ ಸರಿಯಾಗಿ ಮಿಕ್ಸ್ ಮಾಡಿಲ್ಲ" ಅಂತ ತಪ್ಪೆಲ್ಲ ರೈತನ ತಲೆಗೆ.

ಹೇಳೋದು ಮರೆತೆ. ನಾವಿರುವುದು ಸಮುದ್ರ ಮಟ್ಟದಲ್ಲಲ್ಲ. ಮೈಸೂರು 750 ಮೀಟರಿಗೂ ಮೇಲಿದೆ. 100 ಮೀಟರ್ ಮೇಲೆ ಹೋದಂತೆ ಇಂಜಿನ್ ಹೆಚ್ಚುಕಡಿಮೆ ಶೇಕಡಾ 1ರಷ್ಟು ಪವರ್ ಕಳೆದುಕೊಳ್ಳುತ್ತದೆ. ಅಂದರೆ ಡಬ್ಬದ ಮೇಲಿನ ಅಂಕಿ ಸತ್ಯವೇ ಆಗಿದ್ದರೂ ಇಲ್ಲಿ ಅದರಲ್ಲಿ ಏಳೆಂಟು ಪರ್ಸೆಂಟ್ ಹೋಯಿತು. ಸುಳ್ಳಾಗಿದ್ದರೆ ಕಳೆಯುವುದು ಯಾವುದರಿಂದ?

ಯಜಮಾನರು ಕೊನೆಗೆ ಎರಡೂ ಬೇಡ ಅಂತ ಎದ್ದು ಹೋದರು. ಅಂಗಡಿಯವನು ನನ್ನನ್ನು ನೋಡಿದ ನೋಟ ಇದೆಯಲ್ಲ, ಇನ್ನು ಆ ಅಂಗಡಿಯಲ್ಲಿ ನನಗೆ ಸ್ಪಾರ್ಕ್ ಪ್ಲಗ್ ಕೂಡ ಸಿಗಲ್ಲ.

ನಿಮ್ಮಲ್ಲಿ ಯಾರಾದರೂ ಈ 58 ಸಿಸಿ ಮೆಷಿನ್ ಬಿಚ್ಚಿಟ್ಟಿದ್ದರೆ ದಯವಿಟ್ಟು ವರ್ನಿಯರ್ ಹಿಡಿದು ಬೋರ್, ಸ್ಟ್ರೋಕ್ ಅಳೆದು ಕೆಳಗೆ ಹಾಕಿ. ಎಚ್‌ಪಿ ಆಮೇಲೆ ನೋಡೋಣ. ಮೊದಲು ಆ 58 ಆದರೂ 58 ಹೌದೋ ಅಲ್ಲವೋ ಗೊತ್ತಾಗಲಿ.