ಜೂನಿಯರ್ ಎಸ್‌ಪಿಬಿಗಳ ಸೂತಕ

ಸೆಪ್ಟೆಂಬರ್ 25 ಬಂತು ಅಂದರೆ ಫೇಸ್‌ಬುಕ್ ತುಂಬಾ ಅದೇ ವಿಡಿಯೋ. ಮುಂದಿನ ಜನ್ಮ ಅಂತ ಇದ್ದರೆ ಕನ್ನಡಿಗನಾಗಿ ಹುಟ್ಟಬೇಕು ಅಂತ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಅಂದರೆ ನಮ್ಮ ಎಸ್‌ಪಿಬಿ ಹೇಳುವುದು. ಹೇಳಿದ್ದು ನಿಜ, ಒಂದಲ್ಲ ಹಲವು ಸಲ ಹೇಳಿದ್ದಾರೆ. ಕೇಳಿದರೆ ನನಗೂ ಖುಷಿಯೇ. ಆದರೆ ಅಷ್ಟು ಹಾಡಿದ ಮನುಷ್ಯನನ್ನು ನೆನೆಯೋಕೆ ನಮಗೆ ಸಿಗುವುದು ನಮ್ಮನ್ನೇ ಹೊಗಳಿದ ಆ ಒಂದು ಮಾತು ಅಂದರೆ ಯಾಕೋ ಬೇಜಾರು. 2020ರಲ್ಲಿ ಇದೇ ದಿನ ಅವರು ಹೋದಾಗ ಮನೆಯವರೇ ಹೋದ ಹಾಗೆ ಕೂತಿದ್ದವರನ್ನು ನಾನು ನೋಡಿದ್ದೇನೆ. ಟಿವಿಗೆ ಬೈಟ್ ಕೊಟ್ಟವರಲ್ಲ. ಆರ್ಕೆಸ್ಟ್ರಾದವರು.

ನಮ್ಮ ಕಡೆ ಒಂದೊಂದು ಊರಿಗೂ ಒಬ್ಬ ಜೂನಿಯರ್ ಎಸ್‌ಪಿಬಿ ಇರುತ್ತಾರೆ. ಗಣೇಶನ ಪೆಂಡಾಲ್, ಊರ ಜಾತ್ರೆ, ರಾಜ್ಯೋತ್ಸವ, ಎಲ್ಲಿ ರಸಮಂಜರಿ ಅಂತ ಬ್ಯಾನರ್ ಕಟ್ಟಿದರೂ ಅವರು ಇರಲೇಬೇಕು. ನಮ್ಮೂರಿನವರು ಹಗಲು ಜೆರಾಕ್ಸ್ ಅಂಗಡಿ ನೋಡಿಕೊಳ್ಳುತ್ತಾರೆ, ಸೀಸನ್‌ನಲ್ಲಿ ರಾತ್ರಿ ಹಾಡುತ್ತಾರೆ. ಅವರ ಹಾಡಿನ ಪುಸ್ತಕ ಒಮ್ಮೆ ನನ್ನ ಕೈಗೆ ಬಂದಿತ್ತು. ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ ಉದ್ದದ್ದು. ಸಾಹಿತ್ಯ ನೀಲಿ ಶಾಯಿಯಲ್ಲಿ, ಉಸಿರು ತಗೊಳ್ಳುವ ಜಾಗಕ್ಕೆಲ್ಲ ಕೆಂಪು ಗೆರೆ. ಪಕ್ಕದ ಮಾರ್ಜಿನ್‌ನಲ್ಲಿ ಅಲ್ಲಲ್ಲಿ 'ಇಲ್ಲಿ ನಗು' ಅಂತ ಬರೆದುಕೊಂಡಿದ್ದರು. ಒಂದು ಕಡೆ 'ಸಣ್ಣ ನಗು, ಜಾಸ್ತಿ ಬೇಡ'. ಎಸ್‌ಪಿಬಿ ಹಾಡಿನ ನಡುವೆ ನಗುತ್ತಾರಲ್ಲ, ಅದು. ಆ ನಗು ಬರದಿದ್ದರೆ ಹಿಂದಿನ ಸಾಲಿನವರು ಕುರ್ಚಿ ಬಿಟ್ಟು ಪಾನಿಪುರಿ ಗಾಡಿ ಹತ್ತಿರ ಹೋಗುತ್ತಾರಂತೆ.

ಎಸ್‌ಪಿಬಿಯೂ ಹಾಗೇ. ಯಾವ ಭಾಷೆಯ ಹಾಡಾದರೂ ತಮ್ಮ ಕೈಯಲ್ಲೇ ತೆಲುಗು ಲಿಪಿಯಲ್ಲಿ ಬರೆದುಕೊಂಡೇ ಹಾಡುತ್ತಿದ್ದರು. 1967ರಿಂದ ಕನ್ನಡದಲ್ಲಿ ಹಾಡಿದ ಆಂಧ್ರದ ಮನುಷ್ಯ, ಳ-ಲ ತಪ್ಪಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಗಾಯಕರು ತಪ್ಪುತ್ತಾರೆ, ಆ ಜಗಳ ಈಗ ಬೇಡ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಎಸ್‌ಪಿಬಿ ಮೂಲದಲ್ಲಿ ಆರ್ಕೆಸ್ಟ್ರಾದವರೇ. ಸಿನಿಮಾದಲ್ಲಿ ಹೆಸರು ಮಾಡುವ ಮೊದಲು ಮದ್ರಾಸಿನಲ್ಲಿ ಅವರದೊಂದು ಲೈಟ್ ಮ್ಯೂಸಿಕ್ ತಂಡ ಇತ್ತು. ಅದರಲ್ಲಿ ನುಡಿಸುತ್ತಿದ್ದವರು ಯಾರು ಅಂತೀರಿ? ಇಳಯರಾಜ, ಅವರ ಅಣ್ಣ ಭಾಸ್ಕರ್, ತಮ್ಮ ಗಂಗೈ ಅಮರನ್. ಆಗ ಇಳಯರಾಜ ಇನ್ನೂ ಸಂಗೀತ ನಿರ್ದೇಶಕ ಆಗಿರಲಿಲ್ಲ. ಅದಕ್ಕೇ 2020ರ ಆಗಸ್ಟ್‌ನಲ್ಲಿ ಗೆಳೆಯ ಐಸಿಯುನಲ್ಲಿ ಮಲಗಿದಾಗ ಇಳಯರಾಜ ಮಾಡಿದ ಆ ವಿಡಿಯೋ ಹಾಗೆ ನಾಟಿದ್ದು. ನಮ್ಮ ಬದುಕು ಸಿನಿಮಾದಿಂದ ಶುರುವಾಗಿದ್ದಲ್ಲ, ವೇದಿಕೆಯಿಂದ ಶುರುವಾಗಿದ್ದು, ಬಾಲು ಬೇಗ ಎದ್ದು ಬಾ ಅನ್ನುವ ಅರ್ಥದ ಮಾತು. ಇದೇ ಇಬ್ಬರ ನಡುವೆ 2017ರಲ್ಲಿ ಹಾಡಿನ ಹಕ್ಕಿನ ವಿಚಾರಕ್ಕೆ ಲಾಯರ್ ನೋಟಿಸ್ ತನಕ ಹೋಗಿತ್ತು. 2019ರಲ್ಲಿ ಮತ್ತೆ ಒಂದೇ ವೇದಿಕೆ ಹತ್ತಿದರು. ಹತ್ತಿದ್ದು ಒಳ್ಳೆಯದಾಯಿತು.

ಆ ದಿನಗಳು ನೆನಪಿದೆಯಲ್ವಾ? ಆಗಸ್ಟ್ 5ಕ್ಕೆ ಅವರೇ ವಿಡಿಯೋ ಹಾಕಿದರು. ಸ್ವಲ್ಪ ಜ್ವರ, ನೆಗಡಿ, ಕೊರೊನಾ ಲಕ್ಷಣ ಕಮ್ಮಿ ಇದೆ, ಮನೆಯವರಿಗೆ ತೊಂದರೆ ಬೇಡ ಅಂತ ಆಸ್ಪತ್ರೆ ಸೇರಿದ್ದೇನೆ, ಯಾರೂ ಫೋನ್ ಮಾಡಬೇಡಿ ಅಂತ. ನಾವೂ ಸುಮ್ನಾದೆವು. ಹತ್ತು ದಿನ ಕಳೆಯುವಷ್ಟರಲ್ಲಿ ವೆಂಟಿಲೇಟರ್, ಆಮೇಲೆ ಎಕ್ಮೋ, ಅಂದರೆ ಹೃದಯ-ಶ್ವಾಸಕೋಶದ ಕೆಲಸ ತಾನೇ ಮಾಡುವ ಯಂತ್ರ. ಆ ಪದ ನಾವು ಅಲ್ಲಿಯವರೆಗೆ ಕೇಳಿರಲೇ ಇಲ್ಲ. ಮಗ ಚರಣ್ ವಿಡಿಯೋ ಹಾಕಿದರೆ ಸಾಕು, ಎಲ್ಲರೂ ಫೋನ್ ಕಿವಿಗೆ ಇಟ್ಟುಕೊಂಡು ಕೇಳುವುದು.

ಆಗಸ್ಟ್ 20ರ ಸಂಜೆ 6 ಗಂಟೆಗೆ ಸಾಮೂಹಿಕ ಪ್ರಾರ್ಥನೆ ಅಂತ ತಮಿಳು ಚಿತ್ರರಂಗದವರು ಕರೆ ಕೊಟ್ಟರು. ಇದ್ದಲ್ಲೇ ಇದ್ದು ಎಸ್‌ಪಿಬಿ ಹಾಡು ಹಾಕಿ, ಪ್ರಾರ್ಥನೆ ಮಾಡಿ ಅಂತ. ಆ ಕರೆ ನಮ್ಮೂರಿನ ಆರ್ಕೆಸ್ಟ್ರಾದವರ ವಾಟ್ಸಾಪ್ ಗುಂಪಿಗೂ ಬಂತು. ಎರಡೇ ದಿನಕ್ಕೆ, 22ಕ್ಕೆ, ಗಣೇಶನ ಹಬ್ಬ. ಬೇರೆ ವರ್ಷ ಆಗಿದ್ದರೆ ಆ ಹೊತ್ತಿಗೆ ಅವರಿಗೆ ಊಟ ಮಾಡಲೂ ಪುರುಸೊತ್ತಿಲ್ಲ. ತಿಂಗಳುಗಟ್ಟಲೆ ರಾತ್ರಿ ಪ್ರೋಗ್ರಾಂ, ಹಗಲು ವ್ಯಾನಿನಲ್ಲಿ ನಿದ್ದೆ. ಆ ವರ್ಷ ಮಾರ್ಚ್‌ನಿಂದ ಒಂದು ಪ್ರೋಗ್ರಾಂ ಇಲ್ಲ. ಮದುವೆ ಇಲ್ಲ, ಜಾತ್ರೆ ಇಲ್ಲ, ಗಣೇಶನ ಮುಂದೆ ಹಾಡುವಂತಿಲ್ಲ. ತಗೊಂಡಿದ್ದ ಅಡ್ವಾನ್ಸ್ ವಾಪಸ್ ಕೊಡಿ ಅಂತ ಕೇಳಿದ ಕಮಿಟಿಗಳೂ ಇದ್ದವು. ಅಂಥ ಹೊತ್ತಿನಲ್ಲಿ ಇವರು ಸಂಜೆ ಆರಕ್ಕೆ ತಮ್ಮ ತಮ್ಮ ಮನೆಯಲ್ಲಿ ಕೂತು ಹಾಡಿ ವಿಡಿಯೋ ಹಾಕಿದರು. ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಆದ ವಾದ್ಯಸಂಗೀತ, ಹಾಕಿಕೊಂಡು ಹಾಡಿದ ಕೆಲವರ ವಿಡಿಯೋವನ್ನು ಕಾಪಿರೈಟ್ ಅಂತ ಫೇಸ್‌ಬುಕ್ ಮ್ಯೂಟ್ ಮಾಡಿತು. ಬಾಯಿ ಅಲ್ಲಾಡುತ್ತದೆ, ದನಿ ಇಲ್ಲ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

'ಒಬ್ಬ ಸಿನಿಮಾ ಗಾಯಕನಿಗೆ ಇಷ್ಟೊಂದು ಬೇಕಾ, ದಿನಕ್ಕೆ ಸಾವಿರಾರು ಜನ ಸಾಯುತ್ತಿದ್ದಾರೆ' ಅಂತ ಆಗ ಕೆಲವರು ಬರೆದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಆ ವರ್ಷ ಸತ್ತವರಿಗೆ ನೆಟ್ಟಗೆ ಅಳೋಕೂ ನಮಗೆ ಆಗಿರಲಿಲ್ಲ. ಮುಖ ನೋಡೋಕೆ ಬಿಡುತ್ತಿರಲಿಲ್ಲ, ಮಣ್ಣಿಗೆ ಹೋಗೋಕೆ ಬಿಡುತ್ತಿರಲಿಲ್ಲ. ಎಲ್ಲರೂ ಸೇರಿ ಅಳೋಕೆ ಒಬ್ಬರು ಸಿಕ್ಕರು. ಎಷ್ಟೋ ಜನ ತಮ್ಮ ಮನೆಯವರಿಗೆ ಅಳದೇ ಉಳಿದಿದ್ದನ್ನೂ ಅವತ್ತು ಅತ್ತರು ಅನ್ನುವುದು ನನ್ನ ಅನಿಸಿಕೆ.

ಸೆಪ್ಟೆಂಬರ್ ಮೊದಲ ವಾರ ಆಸೆ ಬಂದಿತ್ತು. ಕೊರೊನಾ ನೆಗೆಟಿವ್ ಬಂದಿದೆ, ಐಪ್ಯಾಡ್‌ನಲ್ಲಿ ಕ್ರಿಕೆಟ್, ಟೆನಿಸ್ ನೋಡುತ್ತಿದ್ದಾರೆ, ಐಪಿಎಲ್ ಯಾವಾಗ ಶುರುವಾಗುತ್ತದೋ ಅಂತ ಕಾಯುತ್ತಿದ್ದಾರೆ ಅಂತ ಚರಣ್ ಹೇಳಿದರು. ಐಪಿಎಲ್ 19ಕ್ಕೆ ಶುರುವಾಯಿತು. 25ರ ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಸುದ್ದಿ ಬಂತು. 74 ವರ್ಷ. ಮಾರನೇ ದಿನ ಚೆನ್ನೈ ಹತ್ತಿರದ ತಾಮರೈಪಾಕ್ಕಂನ ಅವರ ತೋಟದಲ್ಲಿ ಪೊಲೀಸ್ ಗೌರವದ ಜೊತೆ ಮಣ್ಣು ಮಾಡಿದರು.

25ರ ಸಂಜೆ ನಮ್ಮ ಬಡಾವಣೆಯ ದೇವಸ್ಥಾನದ ಜಗಲಿಯಲ್ಲಿ ಒಂದಷ್ಟು ಜನ ಸೇರಿದರು. ಮೈಕಿಗೆ ಅನುಮತಿ ಇಲ್ಲ. ಕೀಬೋರ್ಡ್ ನುಡಿಸುವವರು ಕೀಬೋರ್ಡನ್ನೇ ಮಾರಿಬಿಟ್ಟಿದ್ದರು, ಬಾಡಿಗೆ ಕಟ್ಟೋಕೆ. ಭಜನಾ ಮಂಡಳಿಯ ಹಾರ್ಮೋನಿಯಂ ತಂದರು. ಜೂನಿಯರ್ ಎಸ್‌ಪಿಬಿ ಮಾಸ್ಕ್ ಕೆಳಗೆ ಎಳೆದು ಹಾಡೋಕೆ ಶುರು ಮಾಡಿದರು. ಪಂಚಾಕ್ಷರ ಗವಾಯಿಗಳ ಸಿನಿಮಾದಲ್ಲಿ ಎಸ್‌ಪಿಬಿ ಹಾಡಿ ರಾಷ್ಟ್ರಪ್ರಶಸ್ತಿ ತಗೊಂಡ ಆ ಹಿಂದೂಸ್ತಾನಿ ಹಾಡು, ಹಂಸಲೇಖ ಅವರದ್ದು. ಪೆಂಡಾಲ್‌ನಲ್ಲಿ ಯಾರಾದರೂ ಆ ಹಾಡಿಗೆ ಚೀಟಿ ಕಳಿಸಿದರೆ ಇವರು ಕಾಣದ ಹಾಗೆ ಜೇಬಿಗೆ ಹಾಕಿಕೊಳ್ಳುವವರು. ಅಷ್ಟು ಕಷ್ಟ ಅದು. ಅವತ್ತು ಯಾರೂ ಕೇಳದೇ ಹಾಡಿದರು. ತಾನ್ ಬರುವ ಕಡೆ ಎರಡು ಸಲ ದನಿ ಒಡೆಯಿತು. ನಿಲ್ಲಿಸಲಿಲ್ಲ. ಡೋಲಕ್‌ನವರು ತಾಳ ಸ್ವಲ್ಪ ನಿಧಾನ ಮಾಡಿ ಜೊತೆ ಹಿಡಿದರು. ಆಮೇಲೆ ಇವರು ನನಗೆ ಹೇಳಿದ್ದು, 'ಸಾರ್, ನನ್ನ ಹೆಸರಲ್ಲಿ ಯಾರೂ ನನ್ನನ್ನ ಕರೆಯಲ್ಲ. ಜೂನಿಯರ್ ಎಸ್‌ಪಿಬಿ ಅಂತಲೇ ಮಗಳ ಸ್ಕೂಲ್ ಫೀಸ್ ಕಟ್ಟಿದೀನಿ. ಈಗ ನಾನು ಯಾರಿಗೆ ಜೂನಿಯರ್?'

ಅದೇ ವಾರ ಇನ್ನೊಂದು ಗಲಾಟೆ. ಆಸ್ಪತ್ರೆ ಬಿಲ್ ಕಟ್ಟೋಕೆ ಕುಟುಂಬದವರ ಹತ್ತಿರ ದುಡ್ಡಿರಲಿಲ್ಲ, ಅದಕ್ಕೆ ಶವ ಕೊಡಲಿಲ್ಲ ಅಂತ ಯಾರೋ ಹಬ್ಬಿಸಿದರು. ತಂದೆಯನ್ನು ಮಣ್ಣು ಮಾಡಿ ಬಂದ ಮಗ ಕ್ಯಾಮೆರಾ ಮುಂದೆ ಕೂತು ಹಾಗೇನೂ ಆಗಿಲ್ಲ ಅಂತ ಹೇಳಬೇಕಾಯಿತು. ಅದನ್ನು ಹಂಚಿದವರಲ್ಲಿ ಹೂವಿನ ಎಮೋಜಿ ಹಾಕಿದ ಅಭಿಮಾನಿಗಳೂ ಇದ್ದರು. ಅಭಿಮಾನಕ್ಕೂ ಚಪಲಕ್ಕೂ ನಡುವೆ ಗೋಡೆ ತುಂಬಾ ತೆಳು.

ಈಗ ನನ್ನ ನಿಜವಾದ ತಕರಾರು. ಮೊನ್ನೆ ಒಂದು ಕಡೆ ಎಸ್‌ಪಿಬಿ ನೆನಪಿನ ಕಾರ್ಯಕ್ರಮಕ್ಕೆ ಹೋಗಿದ್ದೆ. ದೊಡ್ಡ ಎಲ್‌ಇಡಿ ಪರದೆ, ಹೂವು, ಶಾಲು, ನಿರೂಪಕಿ. ನುಡಿಸುವವರು ಮಾತ್ರ ಒಬ್ಬರೂ ಇಲ್ಲ. ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್ ಚುಚ್ಚಿ ಟ್ರ್ಯಾಕ್ ಬಿಟ್ಟರು, ಗಾಯಕರು ಬಂದು ಹಾಡಿ ಹೋದರು. ಎಸ್‌ಪಿಬಿ ವೇದಿಕೆಯಲ್ಲಿ ಏನು ಮಾಡುತ್ತಿದ್ದರು? ಹಾಡು ಮುಗಿದ ಮೇಲೆ ಕೊಳಲಿನವರನ್ನು ತೋರಿಸುವರು, ತಬಲಾದವರ ಹೆಸರು ಹೇಳುವರು, ಆ ಚಪ್ಪಾಳೆ ಅವರಿಗೆ ಅನ್ನುವರು. ಟಿವಿಯಲ್ಲಿ ಅವರು ನಡೆಸಿಕೊಟ್ಟ ಎದೆ ತುಂಬಿ ಹಾಡುವೆನು ನೋಡಿದವರಿಗೆಲ್ಲ ಗೊತ್ತು. 2020ರಲ್ಲಿ ಲಾಕ್‌ಡೌನ್ ಶುರುವಾದ ಹೊಸದರಲ್ಲಿ ಇದೇ ಫೇಸ್‌ಬುಕ್‌ನಲ್ಲಿ ಕೂತು, ಜನ ಕೇಳಿದ ಹಾಡು ಹಾಡಿ, ಕೊರೊನಾ ಪರಿಹಾರಕ್ಕೆ ದುಡ್ಡು ಎತ್ತಿದವರು ಅವರು. ಚೀಟಿ ನೋಡಿ ಹಾಡುವ ಆರ್ಕೆಸ್ಟ್ರಾ ಬುದ್ಧಿ ಕೊನೆಯವರೆಗೂ ಬಿಡಲಿಲ್ಲ.

ಅಂಥವರ ನೆನಪಿಗೆ ಪೆನ್‌ಡ್ರೈವ್ ಯಾಕೆ? ಪ್ರತಿಮೆ, ರಸ್ತೆಗೆ ಹೆಸರು, ಅದೆಲ್ಲ ಆಗಲಿ, ನನ್ನ ವಿರೋಧ ಇಲ್ಲ. ಆದರೆ ಕೊರೊನಾ ಮುಗಿದ ಮೇಲೆ ಪೆಂಡಾಲ್‌ಗಳಿಗೆ ವಾಪಸ್ ಬಂದಿದ್ದು ಡಿಜೆ. ಆರ್ಕೆಸ್ಟ್ರಾ ಬಂದರೂ ಅರ್ಧಕ್ಕರ್ಧ ಟ್ರ್ಯಾಕ್. ಕೀಬೋರ್ಡ್ ಮಾರಿದವರು ಇವತ್ತಿಗೂ ಕೀಬೋರ್ಡ್ ಕೊಂಡಿಲ್ಲ, ಆಟೋ ಓಡಿಸುತ್ತಿದ್ದಾರೆ.

ನಮ್ಮ ಬಡಾವಣೆಯ ರಾಜ್ಯೋತ್ಸವ ಕಮಿಟಿಯಲ್ಲಿ ಈ ಸಲ ಹಟ ಹಿಡಿದು ಕೂತಿದ್ದೇನೆ. ಡಿಜೆ ಬೇಡ, ಟ್ರ್ಯಾಕೂ ಬೇಡ, ನುಡಿಸುವವರು ಬರಲಿ ಅಂತ. ಖಜಾಂಚಿಗೆ ಸಂಕಟ. 'ಅಣ್ಣ, ಟ್ರ್ಯಾಕ್ ಆದರೆ ಇಬ್ಬರಿಗೆ ಪೇಮೆಂಟ್ ಕೊಟ್ಟರೆ ಮುಗೀತು. ನೀವು ಹೇಳೋ ಹಾಗೆ ಮಾಡಿದರೆ ಹತ್ತು ಜನ, ಅವರಿಗೆ ವ್ಯಾನು, ಮೇಲೆ ಊಟ' ಅನ್ನುತ್ತಾನೆ. ಊಟ ನಮ್ಮನೆಯಲ್ಲಿ ಅಂದಿದ್ದೇನೆ. ವ್ಯಾನಿನದು ಇನ್ನೂ ತೀರ್ಮಾನ ಆಗಿಲ್ಲ. ಕೊಳಲು ನುಡಿಸುವವರು ಬೇಕಾಗಿದ್ದಾರೆ, ನಮ್ಮ ತಂಡದವರು ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ ಹೋದರಂತೆ. ಗೊತ್ತಿದ್ದವರು ಇನ್‌ಬಾಕ್ಸ್‌ಗೆ ತಿಳಿಸಿ.