ವಾಸಿ ಮಾಡುವವರು ಊರಿಗೇ ಬರುತ್ತಾರೆ, ಕಲಿಸುವವರು ಬರುವುದಿಲ್ಲ

ಚಿಂತಾಮಣಿ ರಸ್ತೆಯಲ್ಲಿ ಮತ್ತೆ ಬ್ಯಾನರ್ ಕಟ್ಟಿದ್ದಾರೆ. ಆಟಿಸಂ, ಮಾತು ಬಾರದಿರುವುದು, ಫಿಟ್ಸ್, ಎಲ್ಲದಕ್ಕೂ ಒಂದೇ ಕ್ಯಾಂಪ್. ಭಾನುವಾರ ಕಲ್ಯಾಣ ಮಂಟಪದಲ್ಲಿ ಉಚಿತ ತಪಾಸಣೆ, ಔಷಧಿಗೆ ಮಾತ್ರ ದುಡ್ಡು. ಮೂರು ತಿಂಗಳಲ್ಲಿ ಮಗು ಎಲ್ಲರಂತೆ ಆಗುತ್ತದಂತೆ. ನನಗೆ ಗೊತ್ತಿರುವ ಮನೆಯವರೇ ಹೆಸರು ಬರೆಸಿದ್ದಾರೆ. ಅವರ ಮೇಲೆ ನನಗೆ ಒಂದಿಷ್ಟೂ ಕೋಪ ಇಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗನಿಗೆ ಆಟಿಸಂ ಇದೆ. ಈಗ ಹದಿಮೂರು ತುಂಬಿದೆ. ಶಿಡ್ಲಘಟ್ಟದ ಹತ್ತಿರದ ಹಳ್ಳಿ ನಮ್ಮದು, ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ಅವನು ಕೆಲವು ಮಾತು ಆಡುತ್ತಾನೆ. ಉಳಿದದ್ದನ್ನು ಫೋಟೋ ಕಾರ್ಡ್ ತೋರಿಸಿ ಹೇಳುತ್ತಾನೆ.

ಆಟಿಸಂ ಔಷಧಿ ಕೊಟ್ಟು ವಾಸಿ ಮಾಡುವ ಕಾಯಿಲೆ ಅಲ್ಲ. ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ ಅದು. ಹೆಚ್ಚಿನ ಪಾಲು ವಂಶವಾಹಿಗಳಿಂದ ಬರುವಂಥದ್ದು. ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ನೋಡಿ ಅದರ ಬಗ್ಗೆ ವಿವರವಾಗಿ ಬರೆದದ್ದು 1943ರಲ್ಲಿ. ಎಂಬತ್ತು ವರ್ಷ ದಾಟಿತು. ಇವತ್ತಿಗೂ ಆಟಿಸಂ ಅನ್ನೇ ತೆಗೆದುಹಾಕುವ ಒಂದು ಮಾತ್ರೆಯೂ ಇಲ್ಲ. ಸಿಡುಕು, ತನ್ನನ್ನು ತಾನೇ ಹೊಡೆದುಕೊಳ್ಳುವುದು ವಿಪರೀತ ಆದಾಗ ಕೊಡುವ ಮಾತ್ರೆ ಇದೆ. ಫಿಟ್ಸ್‌ಗೆ ಇದೆ, ನಿದ್ದೆಗೆ ಇದೆ. ಅವೆಲ್ಲ ಬೇಕು. ಡಾಕ್ಟರ್ ಹೇಳಿದರೆ ತಪ್ಪದೆ ಕೊಡಿ. ಅದು ಮಗುವಿನ ಕಷ್ಟಕ್ಕೆ ಕೊಡುವ ಚಿಕಿತ್ಸೆ. ಮಗುವನ್ನೇ ಬೇರೆ ಮಗು ಮಾಡಿಕೊಡುತ್ತೇವೆ ಅನ್ನುವುದು ಬೇರೆ ಮಾತು.

ಈ ಬೇರೆ ಮಾತಿಗೆ ಮಕ್ಕಳು ತೆತ್ತ ಬೆಲೆ ಸಣ್ಣದಲ್ಲ. ಮೈಯಲ್ಲಿರುವ ಪಾದರಸ, ಸೀಸ ತೆಗೆದರೆ ಆಟಿಸಂ ಹೋಗುತ್ತದೆ ಅಂತ ನಂಬಿಸಿ ಅಮೆರಿಕದಲ್ಲಿ ರಕ್ತನಾಳಕ್ಕೆ ಔಷಧಿ ಕೊಡುತ್ತಿದ್ದರು. 2005ರಲ್ಲಿ ಐದು ವರ್ಷದ ಒಬ್ಬ ಹುಡುಗ ಆ ಚಿಕಿತ್ಸೆಯಲ್ಲೇ ತೀರಿಕೊಂಡ. ರಕ್ತದಲ್ಲಿದ್ದ ಕ್ಯಾಲ್ಸಿಯಂ ಇಳಿದು ಹೃದಯ ನಿಂತಿತು. ನಮ್ಮ ದೇಶದಲ್ಲಿ ಜಾಸ್ತಿ ನಡೆದದ್ದು ಸ್ಟೆಮ್ ಸೆಲ್ (ಆಕರ ಕೋಶ) ಚಿಕಿತ್ಸೆ. ಮಗುವಿನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಿಂದ ಬೇರ್ಪಡಿಸಿದ್ದನ್ನು ಬೆನ್ನುಹುರಿಯ ಹತ್ತಿರ ಚುಚ್ಚುತ್ತಾರೆ. ಲಕ್ಷಗಟ್ಟಲೆ ಕೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲೇ ಸ್ಪಷ್ಟವಾಗಿ ಹೇಳಿದೆ: ಕೆಲವು ರಕ್ತದ ಕಾಯಿಲೆಗಳಂಥವನ್ನು ಬಿಟ್ಟರೆ ಸ್ಟೆಮ್ ಸೆಲ್ ಇನ್ನೂ ಪ್ರಯೋಗದ ಹಂತದಲ್ಲಿದೆ, ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಆಟಿಸಂನ ಹೆಸರು ಹಿಡಿದೇ ಇದು ಬೇಡ ಅಂದಿತು. ಪ್ರಚಾರ ಮಾಡುವುದೂ ವೃತ್ತಿ ದುರ್ನಡತೆ ಅಂದಿತು. ಇದಕ್ಕಾಗಿ ಹಿಪ್ಪುನೇರಳೆ ತೋಟ ಅಡ ಇಡಲು ಹೊರಟಿರುವ ಅಪ್ಪಂದಿರೇ, ಈ ಎರಡು ಇಸವಿ ನೆನಪಿಡಿ. ದುಡ್ಡು ಕಟ್ಟುವ ಮೊದಲು ಎದುರಿಗೆ ಕೂತ ಡಾಕ್ಟರನ್ನೇ ಕೇಳಿ.

ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವ ಸುಳ್ಳನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಅದನ್ನು ಹಬ್ಬಿಸಿದ್ದು 1998ರಲ್ಲಿ ಇಂಗ್ಲೆಂಡಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಬರೆದ ಲೇಖನ, ಅದರಲ್ಲಿದ್ದದ್ದು ಬರೀ 12 ಮಕ್ಕಳು. 2010ರಲ್ಲಿ ಪತ್ರಿಕೆ ಅದನ್ನು ವಾಪಸ್ ಪಡೆಯಿತು. ಅದೇ ವರ್ಷ ಅವರು ವೈದ್ಯರಾಗಿ ಕೆಲಸ ಮಾಡುವ ಹಕ್ಕೂ ಹೋಯಿತು. ಎರಡನೇ ಮಗುವಿಗೆ ದಡಾರದ ಲಸಿಕೆ ಹಾಕಿಸದೆ ಇರಬೇಡಿ.

ಈಗ ಇನ್ನೊಂದು ಕಡೆಯ ಮಾತು. ಜಿಮ್ ಸಿಂಕ್ಲೇರ್ ಸ್ವತಃ ಆಟಿಸಂ ಇರುವವರು. 1993ರಲ್ಲೇ ಅಪ್ಪ ಅಮ್ಮಂದಿರಿಗೆ ಅವರು ಒಂದು ಮಾತು ಹೇಳಿದರು. ನೀವು ಅಳುತ್ತಿರುವುದು ಹುಟ್ಟದೇ ಇರುವ, ನಿಮ್ಮ ಕನಸಿನ ಮಗುವಿಗಾಗಿ, ಹುಟ್ಟಿರುವ ಮಗು ಇಲ್ಲೇ ನಿಮ್ಮನ್ನು ಕಾಯುತ್ತಿದೆ ಅನ್ನುವ ಅರ್ಥದ ಮಾತು. ಅಲ್ಲಿಂದ ಮುಂದೆ ಎಷ್ಟೋ ಜನ ಆಟಿಸಂ ಇರುವ ದೊಡ್ಡವರು ತಾವೇ ಬರೆದರು, ಮಾತಾಡಿದರು. ನಮ್ಮನ್ನು ಸರಿ ಮಾಡಬೇಡಿ, ನಮ್ಮ ಜೊತೆ ಬದುಕುವುದು ಕಲಿಯಿರಿ ಅಂದರು. ನಾನು ಅವರ ಕಡೆ. ಗಟ್ಟಿಯಾಗಿ ಅವರ ಕಡೆ.

ಆದರೆ ಹೀಗಂದಾಗಲೆಲ್ಲ ಗೌರಿಬಿದನೂರಿನ ಒಬ್ಬ ತಾಯಿ ನೆನಪಾಗುತ್ತಾರೆ. ತಪಾಸಣೆಗೆ ಕಾಯುತ್ತಾ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಅವರ ಮಗಳಿಗೆ ಹದಿನೇಳು. ಒಂದು ಮಾತೂ ಇಲ್ಲ. ಫಿಟ್ಸ್ ಇದೆ. ಕೈ ಕಚ್ಚಿಕೊಂಡು ಕಚ್ಚಿಕೊಂಡು ಹೆಬ್ಬೆರಳಿನ ಬುಡದಲ್ಲಿ ಚರ್ಮ ದಪ್ಪಗಾಗಿದೆ. "ಒಪ್ಕೊಳ್ಳಿ ಅಂತ ಎಲ್ಲಾರೂ ಹೇಳ್ತಾರಣ್ಣ. ಒಪ್ಕೊಂಡೆ. ಆಮೇಲೆ? ಇವಳನ್ನ ಸ್ನಾನ ಮಾಡಿಸೋರು ಯಾರು, ನಾನು ಹೋದ ಮೇಲೆ?" ಅಂದರು. ಅವರಿಗೆ ವಾಸಿಯಾಗುವ ಆಸೆ ಇರಬಾರದು ಅಂತ ಹೇಳುವ ಹಕ್ಕು ನನಗಿಲ್ಲ. 24 ಗಂಟೆ ಜೊತೆಗೆ ಒಬ್ಬರು ಬೇಕೇ ಬೇಕಾದ ಇಂಥವರ ಬಗ್ಗೆ ಬೇರೆಯಾಗಿಯೇ ಯೋಚಿಸಬೇಕು ಅಂತ 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಕೂಡಿಸಿದ ತಜ್ಞರ ಆಯೋಗವೂ ಹೇಳಿತು. ಸರಿಯಾಗಿ ಹೇಳಿತು.

ಆ ತಾಯಿಯ ಪ್ರಶ್ನೆ ನೋಡಿ. ಅವರು ಕೇಳಿದ್ದು ಔಷಧಿಯನ್ನಲ್ಲ, ಜನವನ್ನು. ನಮ್ಮ ಜಿಲ್ಲೆಯಲ್ಲಿ ನಿಜವಾದ ಜಗಳ ಇರುವುದು ಇಲ್ಲೇ. ಬೆಂಗಳೂರಿನಲ್ಲಿ ಕೂತು ವಾದ ಮಾಡುವವರಿಗೆ ಒಂದು ಕಡೆ ಥೆರಪಿ ಸೆಂಟರ್ ಇದೆ, ಇನ್ನೊಂದು ಕಡೆ ಸೇರಿಸಿಕೊಳ್ಳುವ ಶಾಲೆ ಇದೆ. ನಮಗೆ? ಸ್ಪೀಚ್ ಥೆರಪಿ ಬೇಕು ಅಂದರೆ ಬೆಳಗಿನ ಬಸ್ಸು ಹತ್ತಿ, ವಿಜಯಪುರ, ದೇವನಹಳ್ಳಿ ದಾಟಿ, ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕು. ನಿಮ್ಹಾನ್ಸ್ ಅಂದರೆ ಊರಿನ ಆ ತುದಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಅಂದರೆ ಅಲ್ಲೇ ಮನೆ ಮಾಡಬೇಕು. ಕೂಲಿ ಬಿಟ್ಟು ಎಷ್ಟು ದಿನ ಹೋಗುತ್ತಾರೆ? ಮುಕ್ಕಾಲು ಗಂಟೆ ಥೆರಪಿಗೆ ಇಡೀ ದಿನ ಹೋಗುತ್ತದೆ. ಬಸ್ಸಿನ ಹಾರ್ನ್‌ಗೆ ಮಗು ಕಿವಿ ಮುಚ್ಚಿಕೊಂಡು ಕಿರುಚುತ್ತದೆ, ಪಕ್ಕದವರು ಗುರಾಯಿಸುತ್ತಾರೆ. ಹೀಗಿರುವಾಗ ಕ್ಯಾಂಪಿನವನು ನಮ್ಮ ಊರಿಗೇ ಬರುತ್ತಾನೆ. ಕುರ್ಚಿ ಹಾಕಿ ಕೂರಿಸುತ್ತಾನೆ, ನಗುನಗುತ್ತಾ ಮಾತಾಡಿಸುತ್ತಾನೆ. ಜನ ಮೋಸ ಹೋಗುವುದು ದಡ್ಡತನದಿಂದಲ್ಲ. ಬೇರೆ ಯಾರೂ ಬಾಗಿಲಿಗೆ ಬರದೆ ಇರುವುದರಿಂದ.

ಒಪ್ಪಿಕೊಳ್ಳುವುದು ಅಂದರೆ ಕೈಕಟ್ಟಿ ಕೂರುವುದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಒಪ್ಪಿಕೊಂಡ ಮೇಲೇ ಕೆಲಸ ಶುರು.

ನಮ್ಮ ಮನೆಯದೇ ಒಂದು ಉದಾಹರಣೆ. ಮಗ ಒಂದು ವಾರ ಬಲಗಿವಿಗೆ ರಪರಪ ಹೊಡೆದುಕೊಂಡ. ಆಟಿಸಂನವರು ಹಾಗೇ ಮಾಡುತ್ತಾರೆ ಅಂದರು ಒಬ್ಬರು. ದೃಷ್ಟಿ ತೆಗೆಸಿ ಅಂದರು ಇನ್ನೊಬ್ಬರು. ನನ್ನ ಹೆಂಡತಿ ಸುಮ್ನೆ ಬಿಡಲಿಲ್ಲ. ಅವನು ಊಟ ಮಾಡುವಾಗ ಎದುರಿಗೆ ಕೂತು ನೋಡಿದಳು. ಮುದ್ದೆ ನುಂಗುತ್ತಾನೆ, ಚಪಾತಿ ಮಾತ್ರ ಎಡಗಡೆಯೇ ಅಗಿಯುತ್ತಾನೆ. ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಬಲಗಡೆ ಕೊನೆಯ ದವಡೆ ಹಲ್ಲು ಒಳಗೇ ಕೊಳೆತಿತ್ತು. ತೆಗೆಸಿದ ಮೇಲೆ ಹೊಡೆದುಕೊಳ್ಳುವುದು ನಿಂತಿತು. ಹಲ್ಲು ನೋಯುತ್ತಿದೆ ಅಂತ ತೋರಿಸುವ ಕಾರ್ಡ್ ಆಗ ಅವನ ಹತ್ತಿರ ಇರಲಿಲ್ಲ, ಅಷ್ಟೇ. ಈಗ ಇದೆ. ನಾನು ಹೇಳುವ ಚಿಕಿತ್ಸೆ ಇಂಥದ್ದು.

ಭಾಷೆಯ ವಿಷಯವನ್ನೂ ಹೇಳಬೇಕು, ನಮ್ಮ ಸೀಮೆಯಲ್ಲಿ ಇದು ದೊಡ್ಡದು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಇದು ಚಿಕ್ಕಬಳ್ಳಾಪುರ ಕೋಲಾರದವರಿಗೆ ಹುಟ್ಟಿದಾಗಿನಿಂದ ಇದ್ದದ್ದೇ. ಮಗುವಿಗೆ ಗೊಂದಲ ಆಗುತ್ತದೆ, ಒಂದೇ ಭಾಷೆ ಮಾತಾಡಿ ಅಂತ ಒಂದು ಸೆಂಟರ್‌ನಲ್ಲಿ ಹೇಳಿ ಕಳಿಸಿದರು. ನಮ್ಮಮ್ಮನಿಗೆ ತೆಲುಗು ಬಿಟ್ಟರೆ ಸರಾಗವಾಗಿ ಬೇರೇನೂ ಬರುವುದಿಲ್ಲ. ಮೊಮ್ಮಗನಿಗೆ ಕೆಟ್ಟದ್ದಾಗುತ್ತದೆ ಅಂತ ಹೆದರಿ ಅವಳು ಅವನ ಹತ್ತಿರ ಮಾತಾಡುವುದೇ ಬಿಟ್ಟಳು. ತಲೆ ಸವರುವುದು, ಹೋಗುವುದು. ಆಮೇಲೆ ಬೇರೆ ತಜ್ಞರೊಬ್ಬರು ಬಿಡಿಸಿ ಹೇಳಿದರು. ಆಟಿಸಂ ಇರುವ ಮಕ್ಕಳಿಗೂ ಎರಡು ಭಾಷೆಯಿಂದ ತೊಂದರೆ ಆಗುವುದಿಲ್ಲ ಅಂತಲೇ ಅಧ್ಯಯನಗಳು ತೋರಿಸಿವೆ. ಈಗ ಅವಳು "ರಾ ನಾಯನಾ" ಅಂದರೆ ಅವನು ಎದ್ದು ಹೋಗುತ್ತಾನೆ. ನಾನು ಕನ್ನಡದಲ್ಲಿ ಕರೆದರೆ ಬರುವುದು ಇಷ್ಟ ಇದ್ದರೆ ಮಾತ್ರ. ನಿಮಗೂ ಯಾರಾದರೂ ಹೀಗೆ ಹೇಳಿದ್ದರೆ ದಯವಿಟ್ಟು ಅಜ್ಜಿ ತಾತಂದಿರ ಬಾಯಿ ಕಟ್ಟಬೇಡಿ.

ಕೆಲವು ಥೆರಪಿಗಳ ಮೇಲೂ ನನಗೆ ತಕರಾರಿದೆ. ಗದ್ದ ಹಿಡಿದು "ನನ್ನ ನೋಡು, ನನ್ನ ನೋಡು" ಅನ್ನುವುದು, ಕೈ ಆಡಿಸಿದರೆ ಒತ್ತಿ ಹಿಡಿಯುವುದು. ಇದರ ಬೇರು ಹಳೆಯದು. 1987ರಲ್ಲಿ ಅಮೆರಿಕದ ಇವಾರ್ ಲೋವಾಸ್, ವಾರಕ್ಕೆ 40 ಗಂಟೆಯಂತೆ ತರಬೇತಿ ಕೊಟ್ಟ 19 ಮಕ್ಕಳಲ್ಲಿ 9 ಮಕ್ಕಳು ಎಲ್ಲರಂತಾದರು ಅಂತ ಬರೆದರು. ಎಲ್ಲರಂತೆ ಕಾಣುವುದೇ ಗುರಿ ಅನ್ನುವುದು ಅಲ್ಲಿಂದ ಗಟ್ಟಿಯಾಯಿತು. ಆಟಿಸಂ ಇರುವ ಎಷ್ಟೋ ಜನ ದೊಡ್ಡವರಾದ ಮೇಲೆ ಹೇಳಿದ್ದೇ ಬೇರೆ: ಕಣ್ಣು ನೋಡಿದರೆ ಮಾತು ಕೇಳಿಸುವುದಿಲ್ಲ, ಮಾತು ಕೇಳಬೇಕಾದರೆ ಕಣ್ಣು ಬೇರೆ ಕಡೆ ಇರಬೇಕು. ನನ್ನ ಮಗನೂ ಹಾಗೇ. ಗೋಡೆ ನೋಡುತ್ತಾ ನಿಂತಿದ್ದಾಗ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಾನೆ. ಥೆರಪಿ ಬೇಕು, ಚಿಕ್ಕ ವಯಸ್ಸಿನಲ್ಲೇ ಬೇಕು. ಹಲ್ಲುಜ್ಜುವುದು, ಗುಂಡಿ ಹಾಕುವುದು, ಬೇಕು ಬೇಡ ಹೇಳುವುದು ಕಲಿಸಲಿ. ಕಣ್ಣಿನ ಸುದ್ದಿಗೆ ಹೋಗುವುದು ಬೇಡ.

ಇನ್ನು ಪ್ರತಿಭೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ರೇಷ್ಮೆ ಹುಳು ಸೊಪ್ಪು ತಿನ್ನುವ ಸದ್ದು ಇದೆಯಲ್ಲ, ಹುಳು ಮನೆಯಲ್ಲಿ ಅದನ್ನು ಕೇಳುತ್ತಾ ಅವನು ಗಂಟೆಗಟ್ಟಲೆ ಇರುತ್ತಾನೆ. ಮಿಕ್ಸಿ ಸದ್ದಿಗೆ ಮನೆ ಬಿಟ್ಟು ಓಡುವ ಹುಡುಗ ಅಲ್ಲಿ ತಣ್ಣಗಿರುತ್ತಾನೆ. ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ಹುಳುವನ್ನು ನಮಗಿಂತ ಮೊದಲೇ ಗುರುತಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಾನೆ. ನೋಡಿದವರು ಒಂದು ಕಿತ್ತುಕೊಂಡ ದೇವರು ಇನ್ನೊಂದು ಕೊಟ್ಟ ಅನ್ನುತ್ತಾರೆ. ಪ್ರೀತಿಯಿಂದ ಅನ್ನುತ್ತಾರೆ, ಗೊತ್ತು. ಆದರೂ ಬೇಡ. ಹುಳು ಆರಿಸಲು ಬರದೇ ಇದ್ದರೂ ಅವನು ನನ್ನ ಮಗನೇ ಅಲ್ವಾ? ಆ ಗೌರಿಬಿದನೂರಿನ ಹುಡುಗಿ ಏನೂ ಮಾಡಿ ತೋರಿಸಬೇಕಾಗಿಲ್ಲ. ಅವಳಿಗೂ ಅಷ್ಟೇ ಜಾಗ ಬೇಕು.

ತಾಯಂದಿರ ಮೇಲೆ ತಪ್ಪು ಹೊರಿಸುವವರಿಗೂ ಒಂದು ಮಾತು. ಮೊಬೈಲ್ ಕೊಟ್ಟಳು, ಮಾತಾಡಿಸಲಿಲ್ಲ, ಗರ್ಭಿಣಿಯಾಗಿದ್ದಾಗ ಚಿಂತೆ ಮಾಡಿದಳು ಅಂತೆಲ್ಲ ನನ್ನ ಹೆಂಡತಿ ಕೇಳಿದ್ದಾಳೆ. ತಾಯಿಯ ತಣ್ಣನೆಯ ಮನಸ್ಸೇ ಕಾರಣ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ದ ಕಾಲವೊಂದಿತ್ತು. 1964ರಲ್ಲಿ ಅದನ್ನು ಪುರಾವೆ ಸಮೇತ ಅಲ್ಲಗಳೆದವರು ಬರ್ನಾರ್ಡ್ ರಿಮ್ಲಂಡ್. ಅವರೂ ಆಟಿಸಂ ಇರುವ ಮಗನ ಅಪ್ಪ. ಮುಂದೆ ಅದೇ ಮನುಷ್ಯ ವಾಸಿ ಮಾಡುವ ಹುಡುಕಾಟದಲ್ಲಿ ಬಿದ್ದು, ಪಾದರಸ ತೆಗೆಯುವ ಚಿಕಿತ್ಸೆಯ ಪರ ನಿಂತರು. ಅಷ್ಟು ತಿಳಿದ ಅಪ್ಪನನ್ನೇ ಆ ಆಸೆ ಅಲ್ಲಿಗೆ ಎಳೆಯಿತು. ನಮ್ಮನ್ನು ಎಳೆಯದೆ ಬಿಡುತ್ತದಾ? ಅದಕ್ಕೇ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರಬೇಕು.

ಕೇಳಬೇಕಾದ್ದನ್ನು ಸರ್ಕಾರದ ಹತ್ತಿರ ಕೇಳೋಣ. 2016ರ ವಿಕಲಚೇತನರ ಹಕ್ಕು ಕಾಯ್ದೆಯ 21 ಅಂಗವಿಕಲತೆಗಳ ಪಟ್ಟಿಯಲ್ಲಿ ಆಟಿಸಂ ಇದೆ. ಅಂಗವಿಕಲತೆ 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ, ನಾವು ಆರಿಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಹಕ್ಕು. ಸೇರಿಸಿಕೊಳ್ಳುವುದಿಲ್ಲ ಅಂದರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ. ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಇಂಥ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಟೀಚರ್ ಯಾರು ಅಂತ ಕೇಳಿ. ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ವಿಕಲಚೇತನರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಯಾರು ಅಂತಲೂ ತಿಳಿದುಕೊಳ್ಳಿ. ಹುಟ್ಟಿದಾಗಿನಿಂದ 18ರವರೆಗಿನ ಮಕ್ಕಳ ತಪಾಸಣೆಗೆ 2013ರಿಂದ ಆರ್‌ಬಿಎಸ್‌ಕೆ ಯೋಜನೆ ಇದೆ. ಅದರಡಿ ಜಿಲ್ಲಾ ಮಟ್ಟದಲ್ಲಿ ಇರಬೇಕಾದ ಥೆರಪಿ ಸೌಲಭ್ಯ ವಾರಕ್ಕೊಮ್ಮೆಯಾದರೂ ತಾಲ್ಲೂಕು ಆಸ್ಪತ್ರೆಗೆ ಬರಲಿ. ಇದು ನನ್ನ ಬೇಡಿಕೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ. ಹಾಗಾದರೆ ನಾಲ್ಕು ಸಾವಿರ ಜನ ಇರುವ ಊರಲ್ಲಿ ಮೂವತ್ತು ಜನರಾದರೂ ಇರಬೇಕು. ಒಬ್ಬೊಬ್ಬರೇ ಹೋದರೆ ನಾಳೆ ಬನ್ನಿ ಅನ್ನುತ್ತಾರೆ. ಹತ್ತು ಮನೆಯವರು ಒಟ್ಟಿಗೆ ಹೋಗೋಣ.

ನಾವು ಹೋದ ಮೇಲೆ ಏನು ಅನ್ನುವುದಕ್ಕೆ ನನ್ನ ಹತ್ತಿರವೂ ಪೂರ್ತಿ ಉತ್ತರ ಇಲ್ಲ. ಇರುವುದನ್ನು ಹೇಳುತ್ತೇನೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ 18 ತುಂಬಿದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಜಿಲ್ಲಾ ಸಮಿತಿ ಇದೆ, ಡಿಸಿ ಅದರ ಮುಖ್ಯಸ್ಥರು. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಒಂದು ಪಾಲು ಇದೆ. ಇದಕ್ಕೆಲ್ಲ ಮೊದಲು ಬೇಕಾದ್ದು ಅಂಗವಿಕಲತೆಯ ಸರ್ಟಿಫಿಕೇಟ್ ಮತ್ತು ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ). ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು, ಫೋಟೋ, ಆಧಾರ್ ಬೇಕು. ಆಮೇಲೆ ಆಸ್ಪತ್ರೆಯಲ್ಲಿ 40 ಪ್ರಶ್ನೆಗಳ ಒಂದು ಪರೀಕ್ಷೆ ಮಾಡುತ್ತಾರೆ, ಹೆದರುವಂಥದ್ದೇನಿಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಯಾರಿಗಾದರೂ ಅರ್ಜಿ ತುಂಬಲು ಕಷ್ಟ ಆದರೆ ಇನ್‌ಬಾಕ್ಸ್‌ಗೆ ಬನ್ನಿ. ರಾತ್ರಿ ಹುಳುವಿಗೆ ಸೊಪ್ಪು ಹಾಕಿ ಮುಗಿಸಿದ ಮೇಲೆ ಫೋನ್ ಮಾಡುತ್ತೇನೆ, ಜೊತೆಗೆ ಕೂತು ತುಂಬೋಣ.