ತುಂಬಾ ದಾರಿಗಳಿರುವ ಬೆಟ್ಟ

ನಮ್ಮ ಮನೆಯ ತಾರಸಿಯಿಂದ ಒಂದು ಬೆಟ್ಟ ಕಾಣುತ್ತದೆ. ಹನ್ನೊಂದು ವರ್ಷಗಳಿಂದ ಬಟ್ಟೆ ಒಣಹಾಕುವಾಗಲೆಲ್ಲ ನೋಡುತ್ತಿದ್ದೇನೆ. ರಜೆ ಬಂತು ಅಂದರೆ ಮಾತ್ರ ನಾವು ಹತ್ತು ಗಂಟೆ ಪ್ರಯಾಣ ಮಾಡಿ, ಹೆಚ್ಚುಕಡಿಮೆ ಇದೇ ಥರದ ಇನ್ನೊಂದು ಬೆಟ್ಟ ಹತ್ತಿ, ಫೋಟೊ ತೆಗೆಸಿಕೊಂಡು, ಸೊಂಟ ಹಿಡಿದುಕೊಂಡು ವಾಪಸ್ ಬರುತ್ತೇವೆ. ಈ ಸಲ ಹೆಂಡತಿ ಕೇಳಿದಳು: "ಎದುರಿಗಿರೋದನ್ನೇ ಹತ್ತಿದ್ರೆ ಆಗಲ್ವಾ?"

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಇದೆ. ಹತ್ತಿರದ ಬೆಟ್ಟ ಹೇಗಿರುತ್ತೆ ಅಂತ ಹಿರಿಯರು ಏನೂ ಹೇಳಿಲ್ಲ. ಬಹುಶಃ ಅವರೂ ಹತ್ತಿರಲಿಲ್ಲ.

ಚಾರಣದ ಹುಚ್ಚಿರುವ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಮ್ಯಾಪ್ ಕೊಟ್ಟರು. ಫೋನಿನದ್ದಲ್ಲ, ಹಾಸಿದರೆ ಊಟದ ಮೇಜು ಮುಚ್ಚಿಹೋಗುವಂಥ ಕಾಗದದ್ದು. 1:50,000 ಅಳತೆಯದು. ಅಂದರೆ ಮ್ಯಾಪಿನ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಮಗನ ಸ್ಕೇಲ್ ಇಟ್ಟು ಅಳೆದೆ. 8 ಸೆಂಟಿಮೀಟರ್ ಬಂತು. ಬರೀ ನಾಲ್ಕು ಕಿಲೋಮೀಟರ್!

ಅದಕ್ಕಿಂತ ಖುಷಿ ಕೊಟ್ಟಿದ್ದು ಬೆಟ್ಟದ ತುಂಬಾ ಇದ್ದ ಕಂದು ಬಣ್ಣದ ಸಣ್ಣ ಗೆರೆಗಳು. ಒಂದಲ್ಲ ಎರಡಲ್ಲ, ಹದಿನೈದೋ ಹದಿನಾರೋ. ಎಲ್ಲ ಬೆಟ್ಟವನ್ನು ಸುತ್ತಿಕೊಂಡು ಹೋಗಿದ್ದವು. "ನೋಡು, ಇಷ್ಟು ಕಾಲುದಾರಿಗಳಿವೆ! ಇಷ್ಟು ವರ್ಷ ಸುಮ್ನೆ ಮನೇಲಿ ಕೂತಿದ್ವಲ್ಲ" ಎಂದು ಪೇಚಾಡಿದೆ. ಬೆಟ್ಟದ ಪೂರ್ವಕ್ಕಂತೂ ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತಿದ್ದವು. ಅಲ್ಲೇ ಜಾಸ್ತಿ ದಾರಿಗಳಿವೆ, ಒಂದು ತಪ್ಪಿದರೆ ಇನ್ನೊಂದು ಸಿಗುತ್ತೆ ಅಂತ ಆ ಕಡೆಯಿಂದಲೇ ಹತ್ತುವುದು ಅಂತ ತೀರ್ಮಾನ ಆಯಿತು.

ಮ್ಯಾಪಿನ ಜೊತೆಗೆ ಒಂದು ಲೆಕ್ಕವನ್ನೂ ಅವರೇ ಹೇಳಿಕೊಟ್ಟಿದ್ದರು. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಕೊಟ್ಟ ಲೆಕ್ಕ. 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಬೆಟ್ಟ 300 ಮೀಟರ್. ಗುಣಿಸಿ, ಭಾಗಿಸಿ, 1 ಗಂಟೆ 18 ನಿಮಿಷ ಅಂತ ಬರೆದಿಟ್ಟೆ. ಆ ಲೆಕ್ಕದಲ್ಲಿ ಕೂರುವುದು, ಏದುಸಿರು ಬಿಡುವುದು, ಜಗಳ ಆಡುವುದು ಯಾವುದೂ ಸೇರಿಲ್ಲ ಅಂತ ಆಮೇಲೆ ಗೊತ್ತಾಯಿತು. ನೇಸ್ಮಿತ್ ಹೆಂಡತಿ ಜೊತೆ ಹೋಗಿರಲಿಕ್ಕಿಲ್ಲ.

ಮೂರು ಗಂಟೆ ಮುಳ್ಳುಪೊದೆ ದಾಟಿ ನಾವು ತಲುಪಿದ್ದು ಒಂದು ಗೋಡೆಯ ಬುಡಕ್ಕೆ. ಗೋಡೆ ಅಂದರೆ ಗೋಡೆಯೇ. ನೆಟ್ಟಗೆ ನಿಂತ ಕಪ್ಪು ಬಂಡೆ, ತಲೆ ಎತ್ತಿದರೆ ಟೋಪಿ ಬೀಳುವಷ್ಟು ಎತ್ತರ. ಹದಿನಾರು ದಾರಿಗಳಲ್ಲಿ ಒಂದೂ ಇಲ್ಲ. ಫೋನ್ ತೆಗೆದೆ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತೆ, ಅದು ನಿಜ. 20,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳು ತಾವೆಲ್ಲಿದ್ದೇವೆ, ಗಂಟೆ ಎಷ್ಟು ಅಂತ ಹೇಳುತ್ತಲೇ ಇರುತ್ತವೆ. ನಾವೆಲ್ಲಿದ್ದೇವೆ ಅಂತ ಫೋನೇ ಲೆಕ್ಕ ಹಾಕುತ್ತೆ. ಆದರೆ ಮ್ಯಾಪಿನ ಚಿತ್ರವನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು. ನಾನು ಇಳಿಸಿರಲಿಲ್ಲ. ಬಿಳಿ ಪರದೆಯ ಮಧ್ಯೆ ಒಂದು ನೀಲಿ ಚುಕ್ಕೆ ಮಾತ್ರ ಮಿಣುಕುತ್ತಿತ್ತು.

"ನಾವೀಗ ಎಲ್ಲಿದ್ದೀವಿ?"

"ಇಲ್ಲಿ" ಎಂದು ಚುಕ್ಕೆ ತೋರಿಸಿದೆ.

ಅವಳು ಏನೂ ಹೇಳಲಿಲ್ಲ. ಕಾಗದದ ಮ್ಯಾಪ್ ಕಿತ್ತುಕೊಂಡು, ಬಂಡೆ ಮೇಲೆ ಹಾಸಿ, ಮೂಲೆಯಲ್ಲಿದ್ದ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದಳು. ಇರುವೆಯಷ್ಟು ಅಕ್ಷರ. "ರೀ, ಇವು ದಾರಿಗಳಲ್ಲ. ಎತ್ತರದ ಗೆರೆಗಳು. ಒಂದು ಗೆರೆ ಮೇಲೆ ಎಲ್ಲ ಕಡೆ ಒಂದೇ ಎತ್ತರ. ಒಂದರಿಂದ ಇನ್ನೊಂದಕ್ಕೆ 20 ಮೀಟರ್ ಹತ್ತಬೇಕಂತೆ. ಗೆರೆಗಳು ಹತ್ತಿರ ಹತ್ತಿರ ಇದ್ರೆ..." ಅಲ್ಲಿಗೆ ನಿಲ್ಲಿಸಿ ಬಂಡೆಯತ್ತ ನೋಡಿದಳು. ಆಮೇಲೆ ನನ್ನತ್ತ ನೋಡಿದಳು. ಇಡೀ ಬೆಟ್ಟದಲ್ಲಿ ಅತಿ ಕಡಿದಾದ ಜಾಗವನ್ನು ನಾನು ಸ್ಕೇಲ್ ಹಿಡಿದು ಆರಿಸಿದ್ದೆ. ಪಶ್ಚಿಮಕ್ಕೆ ಗೆರೆಗಳು ಆರಾಮಾಗಿ ಕಾಲು ಚಾಚಿಕೊಂಡಿದ್ದವು. ಅಲ್ಲಿ ಕರಿ ಚುಕ್ಕೆಗಳ ಒಂದೇ ಒಂದು ಸಾಲಿತ್ತು. ದಾರಿ ಅಂದರೆ ಅದು.

ಮುಂದಿನ ವಾರ ಏರು ಬೇಡ, ಸುಮ್ಮನೆ ಹಕ್ಕಿ ನೋಡುತ್ತಾ ನಡೆಯೋಣ ಅಂತಾಯಿತು. ಹಕ್ಕಿ ಕೂಗು ಕೇಳಿ ಹೆಸರು ಹೇಳುವ ಆ್ಯಪ್ ಹಾಕಿಕೊಂಡೆ. ಒಂದು ಹಕ್ಕಿ ದಾರಿಯುದ್ದಕ್ಕೂ ನಮ್ಮ ಜೊತೆಗೇ ಕೂಗುತ್ತಾ ಬಂತು. ಆ್ಯಪ್ ಅದಕ್ಕೆ ಎರಡು ಸಲ ಎರಡು ಹೆಸರು ಹೇಳಿತು, ನಾನು ಎರಡನ್ನೂ ಬರೆದುಕೊಂಡೆ. ನಾವು ನಿಂತರೆ ಅದೂ ಸುಮ್ಮನಾಗುತ್ತಿತ್ತು. ಎಷ್ಟು ಹುಷಾರಾದ ಹಕ್ಕಿ ಅಂದುಕೊಂಡೆ. ಅದು ನನ್ನ ಹೊಸ ಎಡಗಾಲಿನ ಶೂ.

ಉಳಿದಿದ್ದು ಮೀನು. ಇದರಲ್ಲಿ ಕಷ್ಟ ಬೇರೆ. ಚಾರಣದವರು ಕೇಳದೆ ಇದ್ದರೂ ಜಾಗ ಹೇಳುತ್ತಾರೆ. ಗಾಳ ಹಾಕುವವರು ಪ್ರಾಣ ಹೋದರೂ ಹೇಳುವುದಿಲ್ಲ. ಎಷ್ಟು ದೊಡ್ಡದು ಸಿಕ್ಕಿತು ಅಂತ ಎರಡೂ ಕೈ ಚಾಚಿ ತೋರಿಸುತ್ತಾರೆ. ಎಲ್ಲಿ ಅಂದರೆ ಅದೇ ಕೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ "ಅಲ್ಲೇ, ಆ ಕಡೆ" ಅನ್ನುತ್ತಾರೆ. ಹಾಗಾಗಿ ಮತ್ತೆ ಮ್ಯಾಪಿಗೇ ಶರಣಾದೆ. ಬೆಟ್ಟದ ಹಿಂದೆ ಒಂದು ನೀಲಿ ಗೆರೆ ಸಿಕ್ಕಿತು. ತುಂಡು ತುಂಡಾಗಿತ್ತು. ಮ್ಯಾಪ್ ಮಡಚಿ ಮಡಚಿ ಸವೆದಿರಬೇಕು ಅಂದುಕೊಂಡು ಗಾಳ ಹೊತ್ತು ಹೊರಟೆ. ಅದು ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳದ ಗುರುತು. ಇದೂ ಮೂಲೆಯ ಸಣ್ಣ ಅಕ್ಷರಗಳಲ್ಲೇ ಇತ್ತು. ಬಿರುಬಿಸಿಲಲ್ಲಿ ಒಣ ಕಲ್ಲುಗಳ ನಡುವೆ ಗಾಳ ಹಿಡಿದು ನಿಂತವನ ಮುಖ ಹೇಗಿರುತ್ತೆ ಅಂತ ನೋಡಲು ಅಲ್ಲಿ ಯಾರೂ ಇರಲಿಲ್ಲ, ಪುಣ್ಯ.

ಬಂದದ್ದಾಯಿತಲ್ಲ ಅಂತ ಹಳ್ಳದಲ್ಲೇ ಮೇಲಕ್ಕೆ ನಡೆದೆ. ಎರಡು ತಿರುವು ದಾಟಿದ ಮೇಲೆ ಕಲ್ಲುಗಳು ಒದ್ದೆಯಾದವು. ಮೂರನೇ ತಿರುವಿನಲ್ಲಿ, ಮರಗಳ ನೆರಳಲ್ಲಿ, ಒಂದು ಮಡು. ಹಳ್ಳ ಬತ್ತಿದರೂ ಆಳದ ತಿರುವುಗಳಲ್ಲಿ ನೀರು ಹೀಗೆ ಉಳಿದುಕೊಂಡಿರುತ್ತದೆ. ದಡದಲ್ಲಿ ಒಬ್ಬ ಮುದುಕ ಗಾಳ ಹಾಕಿ ಕುಕ್ಕರಗಾಲಲ್ಲಿ ಕೂತಿದ್ದ. ನನ್ನನ್ನು ನೋಡಿ ಅವನಿಗೆ ಒಂದು ಚೂರೂ ಸಂತೋಷ ಆಗಲಿಲ್ಲ.

"ನೀವು ಬರೋದು ನನಗಿಂತ ಮೊದಲು ಮೀನಿಗೆ ಗೊತ್ತಾಯ್ತು" ಎಂದ. ಮೀನಿನ ಎರಡೂ ಪಕ್ಕೆಗಳಲ್ಲಿ ಉದ್ದಕ್ಕೂ ಒಂದು ಗೆರೆ ಇರುತ್ತದೆ. ನೀರಿನ ಅದುರು ಅದಕ್ಕೆ ಗೊತ್ತಾಗುವುದು ಆ ಗೆರೆಯಿಂದ. ದಡದ ಮೇಲೆ ಧಡಧಡ ನಡೆದರೂ ಸಾಕು. ಮ್ಯಾಪಿನ ಗೆರೆ ಸಾಲದು ಅಂತ ಈಗ ಮೀನಿನ ಗೆರೆಯೂ ನನ್ನ ಮೇಲೆ ತಿರುಗಿಬಿದ್ದಿತ್ತು. "ಮಟ ಮಟ ಮಧ್ಯಾಹ್ನ ಯಾರು ಬರ್ತಾರೆ? ನೀರು ಬಿಸಿ ಆದ್ರೆ ಮೀನು ಆಳಕ್ಕೆ ಹೋಗಿ ಸುಮ್ನಿರುತ್ತೆ. ಬೆಳಕು ಹರಿಯೋವಾಗ ಬನ್ನಿ" ಎಂದು, ಬಾಯಿ ತಪ್ಪಿ ಕರೆದುಬಿಟ್ಟೆನಲ್ಲ ಅಂತ ತುಟಿ ಕಚ್ಚಿಕೊಂಡ.

ಬಿಸಿಲಲ್ಲಿ ಕಾಲು ಉರಿಯುತ್ತಿತ್ತು. ಮಡುವಿನ ತಳದ ಮರಳು ಒಂದೊಂದು ಕಾಳೂ ಕಾಣುವಷ್ಟು ತಿಳಿಯಾಗಿತ್ತು. ಮೊಣಕಾಲಷ್ಟು ನೀರು ಅಂತ ಪ್ಯಾಂಟ್ ಮಡಚಿ ಇಳಿದೆ. ತೊಡೆವರೆಗೆ ಬಂತು. ಮೇಲಿಂದ ನೋಡಿದರೆ ನೀರಿನ ಆಳ ಮುಕ್ಕಾಲು ಭಾಗದಷ್ಟೇ ಕಾಣುತ್ತದೆ ಅಂತ ಶಾಲೆಯಲ್ಲಿ ಓದಿ, ಚಿತ್ರ ಬಿಡಿಸಿ, ಅಂಕವನ್ನೂ ತಗೊಂಡಿದ್ದೆ. ಉಳಿದ ಕಾಲು ಭಾಗದಲ್ಲಿ ನನ್ನ ಜೇಬಿತ್ತು. ಜೇಬಿನಲ್ಲಿ ಫೋನಿತ್ತು.

ಮುದುಕ ಮೊದಲ ಸಲ ನಕ್ಕ.

ಈಗ ತಿಂಗಳಿಗೆ ಎರಡು ಸಲವಾದರೂ ಬೆಳಗಿನ ಜಾವ ಹೋಗುತ್ತೇನೆ, ಹಳೆಯ ಶೂ ಹಾಕಿಕೊಂಡು. ಅವನು ಆ ಕಲ್ಲು, ನಾನು ಈ ಕಲ್ಲು. ಮಾತಿಲ್ಲ. ಮೊನ್ನೆ ಒಂದು ಒಳ್ಳೆ ಮೀನೂ ಸಿಕ್ಕಿತು. ಪಕ್ಕದ ಮನೆಯವರು ಗೇಟಿನಲ್ಲೇ ತಡೆದು, ಎಲ್ಲಿ ಸಿಕ್ಕಿತು, ನಾವೂ ಹೋಗಬೇಕಲ್ಲ, ದಾರಿ ಹೇಳಿ ಅಂದರು. ನಾನು ಒಳಗೆ ಹೋಗಿ ಮ್ಯಾಪ್ ತಂದು ಅವರ ಕಾರಿನ ಬಾನೆಟ್ ಮೇಲೆ ಹಾಸಿದೆ. ಬೆಟ್ಟದ ಪೂರ್ವಕ್ಕೆ ಬೆರಳಿಟ್ಟೆ.

"ಈ ಕಡೆಯಿಂದ ಹೋಗಿ. ನೋಡಿ, ಎಷ್ಟೊಂದು ದಾರಿಗಳಿವೆ!"